ರಾಗಿ ಬಿಟ್ಟ ಅಕ್ಕನಿಗೆ

ದೇವನಹಳ್ಳಿ, ಗುರುವಾರ

ಅಕ್ಕ,

ಫೋನಿನಲ್ಲಿ ನೀನು ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಈ ಕಾರ್ಡು. ವಿಜ್ಞಾನ ಲೇಖನಗಳ ಅನುವಾದಕ್ಕೆಂದು ನಾನು ಬಂದಿರುವ ಪ್ರಯೋಗಾಲಯ ಏರ್‌ಪೋರ್ಟಿನ ಹಿಂದಿದೆ. ಇವತ್ತು ಇಲಿಯ ಮಿದುಳಿನ ಚೂರೊಂದರಲ್ಲಿ ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಡೋಪಮೈನ್ ಎಂಬ ರಸ ಮಾಡುವ ಕೋಶವನ್ನು ತೋರಿಸಿದರು. ದೇಹವೇ ಇಲ್ಲ, ಆದರೂ ಅದು ಸೆಕೆಂಡಿಗೆ ಎರಡು ಸಲ ತಾನಾಗಿ ಮಿಡಿಯುತ್ತಿತ್ತು. ಪ್ರತಿ ಮಿಡಿತಕ್ಕೂ ಅದರ ಗೋಡೆಯ ಪುಟ್ಟ ಬಾಗಿಲುಗಳಿಂದ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಅದನ್ನು ಹೊರಹಾಕಿ ಹಾಕಿಯೇ ಕೋಶ ದಣಿದು ಕೊನೆಗೆ ಸಾಯುತ್ತದಂತೆ. ಇಂಥ ಕೋಶಗಳು ಸತ್ತದ್ದರಿಂದಲೇ ನಿನ್ನ ಕೈ ನಡುಗುವುದು. ಇಷ್ಟನ್ನು ಹೋದ ವಾರ ಹೇಳಿದ್ದಕ್ಕೇ ನೀನು, ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚೆಂದು, ಮುದ್ದೆ ಬಿಟ್ಟೆ.

ಇಲ್ಲಿನ ವಿಜ್ಞಾನಿ ಪದ್ಮಶ್ರೀ ಹೊಸಕೋಟೆ ಕಡೆಯವರು. ಕೇಳಿ ನಕ್ಕರು. “ರಾಗಿ ತಿಂದ್ರೆ ಕೈ ನಡುಗೋದಾಗಿದ್ರೆ ನಮ್ಮ ತಾಲ್ಲೂಕೇ ನಡುಗ್ಬೇಕಿತ್ತು ಸಾರ್! ಊಟ ಬಿಟ್ರೆ ಆ ಬಾಗಿಲು ಮುಚ್ಚಲ್ಲ, ಮೂಳೆ ಸವೀತದೆ ಅಷ್ಟೆ. ಮೊದ್ಲು ತಿನ್ನೋಕೆ ಹೇಳಿ.”

ಮಾತ್ರೆ ತಪ್ಪಿಸಬೇಡ. ನಾನು ಕ್ಷೇಮ. ನೀನು ಮುದ್ದೆ ಬಿಟ್ಟದ್ದು ಕ್ಯಾಲ್ಸಿಯಂಗೆ ಹೆದರಿಯೋ, ಕಟ್ಟಲು ಕೈ ನಿಲ್ಲದ್ದನ್ನು ಮುಚ್ಚಿಡಲೋ, ನನಗೆ ಗೊತ್ತಿಲ್ಲ. ನೀನು ಹೇಳಬೇಕಾಗಿಯೂ ಇಲ್ಲ. ನಿಮ್ಮ ವಿಜಯಪುರ ಇಲ್ಲಿಂದ ಹತ್ತಿರವೇ; ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಎಸರಿಡು, ಮುದ್ದೆ ನಾನು ಕಟ್ಟುತ್ತೇನೆ.

ನಿನ್ನ ತಮ್ಮ,
ಉಮಾಶಂಕರ