ಎರಡು ಗಳದ ತೊಲೆ

ಮಸ್ಕಿ
೨೦ ಮೇ ೧೯೫೨

ಪ್ರೀತಿಯ ತಮ್ಮ ಸೂಗಪ್ಪನಿಗೆ ಅಕ್ಕನ ಆಶೀರ್ವಾದ.

ಮೈ ಹೇಗಿದೆ? ಆಣೆಕಟ್ಟಿನ ಕೆಲಸದಲ್ಲಿ ಕಲ್ಲಿನ ಧೂಳು ಕುಡಿದು ನಿನಗೆ ಕೆಮ್ಮು ಹಿಡಿದಿದೆ ಎಂದು ಮುನಿರಾಬಾದಿನಿಂದ ಬಂದವರು ಹೇಳಿದರು. ಅಜವಾನಕ್ಕೆ ಬೆಲ್ಲ ಕೂಡಿಸಿ ಬಾಯಲ್ಲಿಟ್ಟುಕೋ. ಅವ್ವ ಎರಡು ಹೊತ್ತು ಉಣ್ಣುತ್ತಾಳೆ. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಬೆಳಕಷ್ಟೇ ತಿಳಿಯುತ್ತದೆ. ನನಗೆ ಸೊಂಟನೋವು ಬಿಟ್ಟರೆ ಬೇರೇನಿಲ್ಲ. ಈ ತಿಂಗಳೆಲ್ಲ ನಿನಗೆ ಬರೆಯಲು ಕುಳಿತಾಗ ನಿದ್ದೆಯೇ ಬಂತು.

ಮನೆಯ ಮಣ್ಣು ಮಾಳಿಗೆಯ ಕೆಲಸ ಮುಗಿಯಿತು. ನಿನಗೆ ತಿಳಿಸದೆ ಮಾಡಿಸಿದೆ, ಸಿಟ್ಟಾಗಬೇಡ. ನಾಲ್ಕು ವರ್ಷದ ಹಿಂದೆ ಪಡಸಾಲೆಯ ತೊಲೆ ಸೀಳಿದಾಗ ನೀನು ಅದರ ನಡುವಿಗೆ ಆನಿಕೆಗಂಬ ಕೊಟ್ಟು, ಅದರ ಬುಡವನ್ನು ನೆಲದಲ್ಲಿ ಹೂತು, "ಅಕ್ಕಾ, ಸಾಗವಾನಿ ತೊಲಿ ತಗೊಂಡು ಬರ್ತೀನಿ, ಅಲ್ಲೀತನಾ ಇದು ತಡೀತೈತಿ" ಎಂದು ಹೊರಟೆ. ಪ್ರತಿ ಯುಗಾದಿಗೂ ನಿನ್ನ ಕಾಗದ ಬಂತು, ತೊಲೆ ಬರಲಿಲ್ಲ. ತೊಲೆಯಿಲ್ಲದೆ ಮನೆಗೆ ಬರಲು ನಿನಗೆ ಮುಖವಿಲ್ಲವೆಂದು ನನಗೆ ಗೊತ್ತು. ಹೋದ ಮಳೆಗಾಲ ತೊಲೆಯ ಮೇಲಿನ ಜಂತಿಗಳ ಸಂದಿಯಿಂದ ಮಾಳಿಗೆಯ ಮಣ್ಣು ಅವ್ವನ ಹಾಸಿಗೆಯ ಮೇಲೆ ಉದುರಿತು. ಇನ್ನೊಂದು ಮಳೆಗಾಲ ಕಾಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಬಡಿಗ ಉಸ್ಮಾನ್‌ಸಾಬನನ್ನು ಕರೆಸಿದೆ. ಸಂತೆಕಲ್ಲೂರಿನ ಹೊಲದ ಬದುವಿನ ಬೇವಿನ ಗಿಡಗಳನ್ನು ದೀಪಾವಳಿಗೇ ಕಡಿಸಿ, ತೊಗಟೆ ಸುಲಿದು ನೆರಳಿನಲ್ಲಿ ಒಣಗಿಸಿದ್ದೆವು. ತೊಲೆಯಾಗುವಷ್ಟು ದಪ್ಪನೆಯದು ಒಂದೂ ಇರಲಿಲ್ಲ, ಎಲ್ಲವೂ ದುಂಡನೆಯ ಗಳಗಳು. ತೆಳ್ಳಗಿನವುಗಳ ಮೇಲ್ಬದಿಯನ್ನಷ್ಟೇ ಬಾಚಿಯಿಂದ ಸಪಾಟು ಮಾಡಿ, ಹುಳ ತಿಂದ ಜಂತಿಗಳ ಬದಲಿಗೆ ಇಟ್ಟುಕೊಂಡ. ತೊಲೆಗೆಂದು ಎರಡನ್ನು ಆರಿಸಿದ. "ಒಂದ ಗಳಕ್ಕ ಇಷ್ಟು ಮಣ್ಣು ಹೊರಿಸಿದ್ರ ಬಗ್ಗಿ ಸಲಾಂ ಹೊಡಿತೈತಿ ಶೇಖರಮ್ಮಾರ, ಎರಡೂ ಕೂಡಿಸೂಣು" ಎಂದು ಎರಡರದೂ ಒಂದೊಂದು ಬದಿ ಕೆತ್ತಿದ. ಅವನು ಊಟಕ್ಕೆ ಹೋದಾಗ ನಾನೂ ಆಳು ಬಾಲಪ್ಪನೂ ಅವನ್ನು ಒಂದರ ಮೇಲೊಂದು ಜೋಡಿಸಿಟ್ಟೆವು. ಅವ್ವ ಗೋಡೆ ಹಿಡಿದು ಅಂಗಳಕ್ಕೆ ಬಂದು ಎರಡೂ ಕೊನೆ ಸವರಿ ನೋಡಿದಳು. "ಎರಡೂ ಬುಡ ಒಂದ ಕಡೆ ಇಟ್ಟೀರಲ್ಲ. ಈ ಕಡೆ ಪೈಲ್ವಾನ, ಆ ಕಡೆ ಬಾಲಪ್ಪ" ಎಂದಳು. ಕಡ್ಡಿಯಂತಿರುವ ಬಾಲಪ್ಪನೇ ಮೊದಲು ನಕ್ಕ. ಒಂದರ ದಪ್ಪ ಬುಡದ ಮೇಲೆ ಇನ್ನೊಂದರ ಸಣ್ಣ ತುದಿ ಬಂದರೇ ತೊಲೆ ಉದ್ದಕ್ಕೂ ಸಮ. ತಿರುಗಿಸಿಟ್ಟೆವು, ಉಸ್ಮಾನ್‌ಸಾಬ ಬಂದು ಜಾಲಿಯ ಗೂಟ ಜಡಿದ.

ಜಂತಿಗಳಿಗೆ ಅಕ್ಕಪಕ್ಕ ಬೇರೆ ಆಸರೆ ಕೊಟ್ಟು, ಹಳೆಯ ತೊಲೆಯನ್ನು ನಡುವೆ ಕೊಯ್ದು ಇಳಿಸಿದರು. ಹೊಸದನ್ನು ಅದರ ಉಬ್ಬಿದ ಬೆನ್ನು ಮೇಲಾಗುವಂತೆ ಏರಿಸಿದರು. ಎಲ್ಲ ಆಸರೆ ಬಿಚ್ಚಿದ ಮೇಲೆ ಉಳಿದದ್ದು ನೀನು ಹೂತ ಕಂಬ ಒಂದೇ. "ಇದನ್ನೂ ಕೀಳ್ಲೇನ್ರಿ ಅಮ್ಮಾರ?" ಎಂದು ಉಸ್ಮಾನ್‌ಸಾಬ ಕೇಳಿದ. "ನಿನ್ನ ಬಾಚಿ ದೂರ ಇಡೋ. ಆನಿಕಿ ಕೊಟ್ಟಾವನ ಕೈಲೇ ತೆಗೀಬೇಕು. ನನ್ನ ಮಗ ಬರ್ತಾನ" ಎಂದಳು ಅವ್ವ. ನಮ್ಮ ಮನೆಯ ಪದ್ಧತಿ ಹಾಗೇ ಅಲ್ಲವೇ, ಅವನು ಬಾಚಿಯನ್ನು ಚೀಲಕ್ಕೆ ಹಾಕಿಕೊಂಡ. ಕಣ್ಣು ಹೋದ ಮೇಲೆ ಹಾಸಿಗೆಯಿಂದ ಅಡಿಗೆಮನೆಗೆ ಹೋಗುವಾಗ ಅವಳಿಗೆ ನಡುದಾರಿಯಲ್ಲಿ ಸಿಗುವುದು ಆ ಕಂಬ. ಅವಳ ಕೈ ತಾಗುವಲ್ಲಿ ನುಣುಪಾಗಿ ಹೊಳೆಯುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನ ತಲೆ ಸವರಿದ್ದಾಳೆಂದು ತಿಳಿ.

ನಿನ್ನ ಅಕ್ಕ,
ಶೇಖರಮ್ಮ

ಮರೆತ ಮಾತು: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಹೊಸ ತೊಲೆಗೂ ನಿನ್ನ ಕಂಬಕ್ಕೂ ನಡುವೆ ಸಂದಿಯಿದೆ. ಈಗಷ್ಟೇ ಏಣಿ ಹತ್ತಿ ಇದೇ ಕಾಗದವನ್ನು ತೂರಿಸಿ ನೋಡಿದೆ, ತಡೆಯದೆ ಆಚೆ ಬಂತು. ಆ ಕಂಬ ಈಗ ಏನನ್ನೂ ಹೊತ್ತಿಲ್ಲ. ಅವ್ವನಿಗೆ ಹೇಳಿಲ್ಲ. ಬರಿಗೈಯಲ್ಲೇ ಬಾ ತಮ್ಮಾ. ಕಂಬ ಕಿತ್ತ ಮೇಲೆ ಅವಳ ಕೈಗೆ ನಿನ್ನ ಹೆಗಲು ಸಿಗಲಿ.