ಉಸಿರಿನ ಬಾಡಿಗೆ

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
14 ಡಿಸೆಂಬರ್ 2024

ಪ್ರೀತಿಯ ತಂಗಿ ಶ್ಯಾಮಲಾಗೆ ಅಕ್ಕ ಪುಷ್ಪ ಬರೆಯುವುದು.

ಇಲ್ಲಿ ಅಮ್ಮ, ನಾನು ಇಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಚಳಿಗೆ ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೇ. ದೀಪಾವಳಿಗೆ ನೀನು ಕಳಿಸಿದ ಸೀರೆಗಳು ಬಂದು ಸೇರಿದವು. ಬಂದವು ಅಂತ ಒಂದು ಮಾತೂ ತಿಳಿಸದೆ ಇಷ್ಟು ದಿನ ಸುಮ್ಮನಿದ್ದೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ, ನಾನು ಬಾಯಿ ತೆರೆಯುವ ಹೊತ್ತಿಗೆ ನಿನಗೆ ಮೀಟಿಂಗ್ ಇರುತ್ತದೆ. ಕಾಗದವಾದರೆ ನನ್ನ ಮಾತು ಮುಗಿಯುವವರೆಗೂ ಅಡ್ಡ ಬರುವವರಿಲ್ಲ. ನಿನ್ನ ಆಫೀಸಿಗೆ ಹಾಕಿಲ್ಲ, ಮನೆಯ ವಿಳಾಸಕ್ಕೇ ಹಾಕಿದ್ದೇನೆ. ಹೆದರಬೇಡ.

ಕೋದಂಡಪ್ಪ ಮಾವ ತೀರಿಕೊಂಡ ದಿನ ನಿನಗೆ ಮೆಸೇಜ್ ಮಾಡಿದ್ದೆ. ನೀನು ಕೈಮುಗಿದಿರುವ ಚಿತ್ರ ಕಳಿಸಿದೆ. ಹೇಗಾಯಿತು ಅಂತ ಕೇಳಲಿಲ್ಲ. ಕೇಳದಿದ್ದರೂ ನಿನಗೆ ಗೊತ್ತಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಅಪ್ಪನ ಜೊತೆ ಒಂದೇ ಶಿಫ್ಟಿನಲ್ಲಿ ಗಣಿಗೆ ಇಳಿಯುತ್ತಿದ್ದವರು, ಅಪ್ಪ ಎದ್ದು ಕೂರಲಾರದ ಕಾಲದಲ್ಲಿ ನಿನ್ನನ್ನು ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಕಾಲೇಜಿಗೆ ಸೇರಿಸಿ ಬಂದವರು. ನೀನು ಅವರನ್ನು ಮರೆತಿಲ್ಲ ಅಂತಲೇ ನಂಬಿದ್ದೇನೆ.

ಅಪ್ಪ ಹೋದಮೇಲೆ ನೀನು ಹಾಸ್ಟೆಲು, ಕೆಲಸ ಅಂತ ಊರು ಬಿಟ್ಟೆ. ಇಲ್ಲಿ ನಮ್ಮ ಸಂಘ ಹೇಗೆ ಹುಟ್ಟಿತು ಅನ್ನುವುದನ್ನು ನೀನು ಅನುದಾನದ ಅರ್ಜಿಯಲ್ಲಿ ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಬರೆದೆ, ಆದರೆ ಕಂಡವಳಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಾರನೆಯ ಬೆಳಗ್ಗೆ ಅಮ್ಮ ಅಪ್ಪನ ಆಕ್ಸಿಜನ್ ಮಿಷನ್ನನ್ನು ಒರೆಸಿ, ಪಕ್ಕದ ಸಾಲುಮನೆಗಳ ಲೈನಿನಲ್ಲಿ ಏದುಸಿರು ಬಿಡುತ್ತಿದ್ದ ಒಬ್ಬರ ಮನೆಗೆ ಹೊರಿಸಿಕೊಂಡು ಹೋದಳು. ಅವರು ಹೋದಮೇಲೆ ಅದು ಮತ್ತೊಂದು ಮನೆಗೆ ಹೋಯಿತು. ಕರೆಂಟಿಗೆ ಹಾಕಿ ಮೂಗಿಗೆ ಕೊಳವೆ ಇಟ್ಟುಕೊಂಡರೆ, ಕಲ್ಲಿನ ಪುಡಿ ತುಂಬಿದ ಎದೆಗೂ ಒಂದಿಷ್ಟು ನಿದ್ದೆ ಬರುತ್ತಿತ್ತು. ಅವರಿವರು ಕೊಟ್ಟ ಚಂದಾ, ಗಣೇಶನ ಹಬ್ಬದಲ್ಲಿ ಉಳಿದದ್ದು, ಚರ್ಚಿನವರು ಕೊಟ್ಟದ್ದು ಎಲ್ಲ ಸೇರಿ ಮಿಷನ್ನುಗಳು ಏಳಾದವು, ಅವನ್ನು ನೋಡಿಕೊಳ್ಳಲು ಒಂದು ಸಂಘವೂ ಆಯಿತು. ಮಿಷನ್ನು ಇಟ್ಟುಕೊಂಡವರ ಹತ್ತಿರ ಏನೂ ಕೇಳುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ವೋಲ್ಟೇಜು ಏರಿ ಎರಡು ಸುಟ್ಟುಹೋದವು. ಕಾಯುವವರು ಹೆಚ್ಚಾದರು. ಆಗಲೇ ನಿನ್ನ ಫೋನು ಬಂದದ್ದು.

ನಿಮ್ಮ ಸಂಸ್ಥೆಯಲ್ಲಿ ಇಂಥ ಕೆಲಸಕ್ಕೇ ಅನುದಾನ ಇದೆ, ಅರ್ಜಿ ನೀನೇ ಬರೆದುಕೊಡುವುದಾಗಿ ಹೇಳಿದೆ. ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತಾ? ಆಮೇಲೆ ನಿಧಾನವಾಗಿ ಇನ್ನೊಂದು ಮಾತು ಹೇಳಿದೆ. ನೌಕರರ ಮನೆಯವರು ನಡೆಸುವ ಸಂಘಕ್ಕೆ ಕೊಡುವಂತಿಲ್ಲವಂತೆ, ನೀವು ನೋಡಲು ಬಂದಾಗ ನಾವು ನಿನ್ನ ಗುರುತಿಲ್ಲದವರ ಹಾಗೆ ಇರಬೇಕು ಅಂದೆ. ಇರುವುದನ್ನು ಹೇಳಿಬಿಡು, ಫೈಲು ಬೇರೆಯವರು ನೋಡಲಿ ಅಂದೆ ನಾನು. ಬೇರೆಯವರು ನೋಡಿದರೆ ಮೊದಲ ದಿನವೇ ತೆಗೆದುಹಾಕುತ್ತಾರೆ ಅಂದೆ ನೀನು. ನನಗೆ ಮನಸ್ಸು ಒಪ್ಪಲಿಲ್ಲ. ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದ ಅಮ್ಮನೇ ತೀರ್ಮಾನ ಮಾಡಿದಳು.

"ಅವ್ಳು ಏಳ್ದಂಗೇ ಮಾಡಮ್ಮ. ಮಿಸನ್ನು ಬಂದ್ರೆ ಸಾಕು. ಒಂದಿನ ಗುರ್ತಿಲ್ದಿದ್ರೆ ಮಗ್ಳು ಮಗ್ಳಲ್ದೆ ಓಗ್ತಾಳಾ?"

ನೀವು ಬರುವ ಹಿಂದಿನ ಸಂಜೆ ಅಮ್ಮ ಗೋಡೆಯ ಮೇಲಿದ್ದ ನಿನ್ನ ಡಿಗ್ರಿ ಫೋಟೊ ಇಳಿಸಿ ಮಂಚದ ಕೆಳಗಿಟ್ಟಳು. ಫೋಟೊ ಇದ್ದ ಜಾಗದಲ್ಲಿ ಸುಣ್ಣ ಬೇರೆ ಬಣ್ಣವಾಗಿ ಕಾಣುತ್ತಿತ್ತು, ಅದರ ಮೇಲೆ ಕ್ಯಾಲೆಂಡರು ನೇತುಹಾಕಿದಳು. ಮಾರನೆಯ ದಿನ ಕಾರಿನಿಂದ ನಿಮ್ಮ ಮೇಲಧಿಕಾರಿ ಸುಧಾಕರ್ ಸಾರ್ ಇಳಿದರು, ಹಿಂದೆ ನೀನು, ಕೊರಳಲ್ಲಿ ಆಫೀಸಿನ ಕಾರ್ಡು. ನೀನು ಹುಟ್ಟಿದ ಮನೆಯ ಹೊಸ್ತಿಲಾಚೆ ನಿಂತು, ಒಳಗೆ ಬರಬಹುದಾ ಅಂತ ನನ್ನನ್ನು ಕೇಳಿದೆ. ಬನ್ನಿ ಅಂದೆ. ನಿನಗೆ ನಾನು ಬಹುವಚನ ಹಾಕಿದ್ದು ಅದೇ ಮೊದಲು.

ಸುಧಾಕರ್ ಸಾರ್ ಕೆಟ್ಟವರಲ್ಲ. ಚಾಪೆಯ ಮೇಲೇ ಕೂತು ಎಲ್ಲರನ್ನೂ ಮಾತಾಡಿಸಿದರು. ಅಮ್ಮನಿಗೆ ಎಷ್ಟು ಜನ ಮಕ್ಕಳು ಅಂತ ವಿಚಾರಿಸಿದರು. ಅಮ್ಮ ನನ್ನ ಕಡೆ ಕೈ ತೋರಿಸಿ, "ಒಬ್ಳೇ ಸಾಮಿ, ಇವ್ಳೇ" ಅಂದಳು. ನೀನು ಏನೋ ಬರೆದುಕೊಳ್ಳುತ್ತಿದ್ದೆ. ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ನೋಡುತ್ತಲೇ ಇದ್ದೆ.

ಆಮೇಲೆ ಕೋದಂಡಪ್ಪ ಮಾವನ ಮನೆಗೆ ಹೋದೆವು. ಅಪ್ಪನ ಮಿಷನ್ನು ಮನೆಯಿಂದ ಮನೆಗೆ ತಿರುಗಿ ಆಗ ಅವರ ಹತ್ತಿರವೇ ಇತ್ತು. ನಿನ್ನ ಗುರುತಿಲ್ಲದವರ ಹಾಗೆ ಇರಬೇಕೆಂದು ಅವರಿಗೂ ಮೊದಲೇ ಹೇಳಿದ್ದೆ. ಒಪ್ಪಿಕೊಂಡಿದ್ದರು, ಆದರೂ ನಿನ್ನನ್ನು ಕಂಡಕೂಡಲೇ ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಂಡರು. ಈ ಹಣದಿಂದ ಮೂರು ವರ್ಷಗಳಲ್ಲಿ ನಿಮ್ಮ ಜನರಲ್ಲಿ ಯಾವ ಬದಲಾವಣೆ ಕಾಣಬಹುದು ಅಂತ ಸಾರ್ ಕೇಳಿದರು. ಮಾವ ಕೊಳವೆ ಸರಿಮಾಡಿಕೊಂಡು, "ಮೂರು ವರ್ಸಕ್ಕೆ ನಮ್ಮಲ್ಲಿ ಭಾಳ ಜನ ಇರಾಕಿಲ್ಲ ಸಾರ್. ಅಲ್ಲೀವರ್ಗೂ ಉಸ್ರಾಡ್ಬೇಕು, ಅಷ್ಟೇಯ" ಅಂದರು. ಸಾರ್ ತಲೆ ತಗ್ಗಿಸಿದರು. ನೀನು ಇಂಗ್ಲಿಷಿನಲ್ಲಿ ಅವರಿಗೆ ಏನೋ ವಿವರಿಸಿದೆ. ಬಹಳ ಹೊತ್ತು ವಿವರಿಸಿದೆ.

ತಿಂಗಳಾದ ಮೇಲೆ ನಿನ್ನ ಸಹಿಯ ಕಾಗದ ಬಂತು. ಅನುದಾನ ಇಲ್ಲ. ಬಡ್ಡಿಯಿಲ್ಲದ ಸಾಲ ಕೊಡುತ್ತಾರೆ. ಹಳೆಯದು ಹೊಸದು ಎನ್ನದೆ ಎಲ್ಲ ಮಿಷನ್ನಿಗೂ ದಿನದ ಬಾಡಿಗೆ ಇಡಬೇಕು, ಆ ಬಾಡಿಗೆಯಿಂದ ಸಾಲ ತೀರಬೇಕು, ಆಗ ಸಂಘ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಸುಧಾಕರ್ ಸಾರ್ ಫೋನು ಮಾಡಿ, ಕಮಿಟಿಯವರು ಪೂರ್ತಿ ಬೇಡವೆಂದಿದ್ದರು, ಬಾಡಿಗೆಯ ದಾರಿ ಹುಡುಕಿ ನಿಮ್ಮ ಅರ್ಜಿಯನ್ನು ಉಳಿಸಿದ್ದು ನಮ್ಮ ಶ್ಯಾಮಲಾ ಅವರೇ ಅಂತ ನಿನ್ನನ್ನು ಹೊಗಳಿದರು. ಒಳ್ಳೆಯದಕ್ಕೇ ಮಾಡಿದೆ, ಗೊತ್ತು. ಕಾಯುತ್ತಿದ್ದವರ ಹೆಂಡಿರು ದಿನಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಾನು ಸಹಿ ಹಾಕಿದೆ.

ಹೊಸ ಮಿಷನ್ನುಗಳು ಬಂದವು, ಮೈಮೇಲೆ ನಿಮ್ಮ ಸಂಸ್ಥೆಯ ಚೀಟಿ ಅಂಟಿಸಿಕೊಂಡು. ಬಾಡಿಗೆ ವಸೂಲಿಗೆ ನಾನೇ ಮನೆಮನೆ ತಿರುಗಿದೆ. ವರ್ಷಗಳಿಂದ ನಾನು ಬಂದರೆ ಕಾಫಿ ಕಾಯಿಸುತ್ತಿದ್ದವರು ನನ್ನನ್ನು ಕಂಡು ಮಗುವಿನ ಕೈಲಿ ಮನೆಯಲ್ಲಿಲ್ಲ ಅಂತ ಹೇಳಿಸತೊಡಗಿದರು. ಕೆಲವರು ಉಳಿತಾಯ ಮಾಡುತ್ತೇವೆಂದು ದಿನ ಬಿಟ್ಟು ದಿನ ಇಟ್ಟುಕೊಳ್ಳತೊಡಗಿದರು. ಉಸಿರನ್ನು ದಿನ ಬಿಟ್ಟು ದಿನ, ಶ್ಯಾಮಲಾ.

ಕೋದಂಡಪ್ಪ ಮಾವ ಮಾತ್ರ ನಾನು ಹೋಗುವ ಮುಂಚೆಯೇ ಕೊಳವೆ ಸುತ್ತಿಟ್ಟು ಕಾಯುತ್ತಿದ್ದರು.

"ಉಸ್ರಿಗೆ ಬಾಡ್ಗೆ ಕೊಟ್ಕಂಡು ಇರಾಕೆ ನಾನೇನು ಲಾಡ್ಜಿನಾಗೆ ಇದೀನಾ ಪುಷ್ಪಾ? ತಗೊಂಡೋಗಮ್ಮ. ಕೊಡೋ ಸಕ್ತಿ ಇರೋರ್ಗೆ ಕೊಡು."

ಅವರ ಹೆಸರಲ್ಲಿ ನಾನೇ ಕಟ್ಟುತ್ತೇನೆ, ಇಲ್ಲವೇ ಕಟ್ಟಿದ್ದಾರೆ ಅಂತ ಬರೆದುಕೊಳ್ಳುತ್ತೇನೆ ಅಂದೆ. ಅವರು ಏದುಸಿರಿನಲ್ಲೇ, "ಬ್ಯಾಡಮ್ಮ. ಆ ಮಗೀಗೋಸ್ಕರ ಒಂದ್ಸಲ ಸುಳ್ಳಾಡಿದ್ದು ಸಾಕು" ಅಂದರು. ಮಗು ಅಂದದ್ದು ನಿನ್ನನ್ನು.

ಅದು ಹಟ ಅಂತ ನೀನು ಅನ್ನಬಹುದು. ಇರಲಿ, ಹಟವೇ. ಮಿಷನ್ನು ಊರಿಗಾಂನ ಒಂದು ಮನೆಗೆ ಹೋಯಿತು. ತಿಂಗಳು ತುಂಬಲಿಲ್ಲ, ಒಂದು ಬೆಳಗ್ಗೆ ಮಾವನ ಹೆಂಡತಿ ಅಕ್ಕಯ್ಯಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು, ತುಟಿ ನೀಲಿ ಆಗ್ತಾ ಐತೆ ಕೊಡಮ್ಮ ಅಂತ. ಎಲ್ಲಿಂದ ಕೊಡಲಿ? ಎಲ್ಲವೂ ಯಾರುಯಾರದೋ ಮೂಗಿನಲ್ಲಿದ್ದವು. ಒಬ್ಬರ ಮೂಗಿನಿಂದ ಕಿತ್ತು ಇನ್ನೊಬ್ಬರಿಗೆ ಹಾಕುವುದು ನನ್ನಿಂದಾಗುತ್ತದಾ? ಆಟೊ ತಂದೆವು. ಆಸ್ಪತ್ರೆಯ ಗೇಟು ಮುಟ್ಟುವ ಮೊದಲೇ ಅವರು ನನ್ನ ಭುಜಕ್ಕೆ ಒರಗಿದರು. ಮಲಗಿದರೇನೋ ಅಂದುಕೊಂಡು ನಾನು ಅಲುಗಾಡದೆ ಕೂತಿದ್ದೆ.

ಹೋದ ಭಾನುವಾರ ಸಂಘದವರೆಲ್ಲ ಸೇರಿ ಹೊಸ ಮಿಷನ್ನುಗಳನ್ನು ನಿಮ್ಮ ಸಂಸ್ಥೆಗೇ ವಾಪಸು ಕೊಡುವುದೆಂದು ತೀರ್ಮಾನಿಸಿದೆವು. ಹಳೆಯ ಐದರಲ್ಲೇ ತೂಗಿಸುತ್ತೇವೆ, ಬಾಡಿಗೆಯಿಲ್ಲದೆ. ಕಾಯುವವರು ಕಾಯುತ್ತಾರೆ, ಕೆಲವರು ಕಾಯುತ್ತಲೇ ಹೋಗುತ್ತಾರೆ. ಇದು ಸರಿಯೋ ತಪ್ಪೋ ನನಗೆ ತಿಳಿಯದು. ಸುಧಾಕರ್ ಸಾರಿಗೆ ಕಾಗದ ಹಾಕಿದ್ದೇನೆ. ನೀನು ನನ್ನ ತಂಗಿ ಅಂತ ಅದರಲ್ಲಿ ಬರೆದಿಲ್ಲ. ಬರೆಯಬೇಕು ಅಂತ ಕೈ ತುಡಿಯಿತು, ಅಮ್ಮ ಬೇಡವೆಂದಳು. ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ, ನಿಶ್ಚಿಂತೆಯಾಗಿರು.

ಇಷ್ಟೆಲ್ಲ ಬರೆದರೂ ನೀನು ನನ್ನ ತಂಗಿಯೇ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಎದೆ ಕಡೆಯವರೆಗೂ ಹಗುರವಾಗಿರಲಿ, ಒಂದೊಂದು ಉಸಿರಿಗೂ ಕೈಚಾಚುವ ಕಾಲ ನಿನಗೆ ಬಾರದಿರಲಿ.

ನಿನ್ನ ಅಕ್ಕ,
ಪುಷ್ಪ

ಮತ್ತೊಂದು ಮಾತು. ಬರೆಯಬಾರದು ಅಂದುಕೊಂಡಿದ್ದೆ. ನೀವು ಬಂದ ದಿನ ಅಮ್ಮ ಎಲ್ಲರಿಗೂ ನನ್ನ ಕೈಲಿ ಮಜ್ಜಿಗೆ ಕೊಡಿಸಿದಳಲ್ಲ, ನಿನ್ನ ಲೋಟವನ್ನು ಮಾತ್ರ ತಾನೇ ಹಿಡಿದು ತಂದಳು. ನೀನು ತಗೊಂಡು "ಥ್ಯಾಂಕ್ಯೂ ಮೇಡಂ" ಅಂದೆ. ಗುರುತಿಲ್ಲದವರ ಹಾಗೆ ಇರುವುದಕ್ಕೆ ನಾವು ಒಪ್ಪಿದ್ದೆವು, ನಿಜ. ಆದರೆ ಗುರುತಿಲ್ಲದವರು ಆ ವಯಸ್ಸಿನ ಹೆಂಗಸನ್ನು ಏನಂತ ಕರೆಯುತ್ತಾರೆ, ಶ್ಯಾಮಲಾ? ನಿನ್ನ ಸುಧಾಕರ್ ಸಾರ್ ಆ ಹೊತ್ತೆಲ್ಲ ಅಮ್ಮಾ ಅಮ್ಮಾ ಅಂತಲೇ ಮಾತಾಡಿದರು. ನೀನೂ ಬಾಯಿತುಂಬ ಅನ್ನಬಹುದಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಮ್ಮ ಅದಕ್ಕೇ ಕಾದು ನಿಂತಿದ್ದಳು ಅಂತ ನನಗೆ ಗೊತ್ತಾಗಿದ್ದು ಮೊನ್ನೆ. ಸೊಪ್ಪು ಬಿಡಿಸುತ್ತಾ ಕೂತಿದ್ದವಳು ತಲೆ ಎತ್ತದೆ ಕೇಳಿದಳು: "ಕಾರಿನ ಡ್ರೈವರ್ರು ನೀರು ಕೇಳಾಕೆ ಬಂದಾಗ ಅಮ್ಮಾ ಅಂದ. ಅವ್ಳ್ಯಾಕೆ ಅನ್ಲಿಲ್ಲ?"