ಸಾಹೇಬರ ಜೀಪು ಎಳೆದದ್ದು

ಮಣಿಕೊಂಡ, ಹೈದರಾಬಾದ್
೧ ಡಿಸೆಂಬರ್ ೨೦೨೪

ಪ್ರಿಯ ಕಲ್ಲೇಶ,

ನಿನ್ನ ಪತ್ರ ದಸರೆಗೇ ಬಂದಿತ್ತು, ಉತ್ತರಕ್ಕೆ ಇಷ್ಟು ತಡ ಮಾಡಿದೆ. ಬೈಯುವುದಿದ್ದರೆ ಫೋನಿನಲ್ಲಿ ಬೈ, ಮನೆಯಲ್ಲಿ ವನಜಾ ಅವರಿಗೆ ಮಾತ್ರ ಹೇಳಬೇಡ. ನನ್ನ ಮೊಣಕಾಲು ನೋವು ಹಾಗೇ ಇದೆ. ಕೆಳಗಿನ ಮನೆಯವರು ನಾಯಿ ಸಾಕಿದ್ದಾರೆ. ನನ್ನ ತೆಲುಗು ಕೇಳಿದರೆ ಅದೂ ಬೊಗಳುತ್ತದೆ.

ನಿನ್ನೆ ಉಪೇಂದ್ರ ಸಾಹೇಬರ ಬೀಳ್ಕೊಡುಗೆ ಆಯಿತು. ನಮ್ಮ ತರುಣ ಕೊನೆಗೆ ಕೆಲಸ ಮಾಡಿದ ವಾಯುಪಡೆ ಸ್ಟೇಷನ್ನಿನ ಕಮಾಂಡರ್ ಅವರು. ವಿಜಯಪುರದ ಕಡೆಯವರು. ತರುಣ ಅಲ್ಲಿಗೆ ವರ್ಗವಾಗಿ ತಿಂಗಳು ತುಂಬುವ ಮೊದಲೇ ರಿಂಗ್ ರೋಡಿನಲ್ಲಿ ಲಾರಿ ಬಡಿದು ಹೋದನಲ್ಲ, ಆಗ ಮಗನ ಸುದ್ದಿ ಹೇಳಲು ಖುದ್ದಾಗಿ ಮನೆಗೆ ಬಂದವರು ಅವರೇ. ಆಮೇಲೆ ಎರಡು ವರ್ಷ, ಬಿಡುವಾದ ಭಾನುವಾರ ಬರುತ್ತಿದ್ದರು. ರೊಟ್ಟಿ ಊಟ ಮಾಡಿ ತರುಣನ ಒಂದು ಸುದ್ದಿ ಹೇಳಿ ಹೋಗುತ್ತಿದ್ದರು. ಪ್ರತಿ ಸಲವೂ ಹೊಸದು.

ಸಭೆಯಲ್ಲಿ ಒಬ್ಬ ಅಧಿಕಾರಿ ಸಾಹೇಬರ ಸೇವೆಯನ್ನೆಲ್ಲ ಓದಿದ. ಹೆಲಿಕಾಪ್ಟರಿನಲ್ಲಿ ಹಿಮದ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ ಮುಟ್ಟಿಸಿದ್ದು, ನೆರೆ ಬಂದಾಗ ಮಾಳಿಗೆಯ ಮೇಲಿನಿಂದ ಜನರನ್ನು ಎತ್ತಿದ್ದು, ಪದಕ. ಸಾಹೇಬರು ತಮ್ಮ ಬೂಟು ನೋಡುತ್ತ ಕೂತಿದ್ದರು.

ಆಮೇಲೆ ನನ್ನನ್ನು ಕರೆದರು. ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಮನೆಯಲ್ಲಿ ಕನ್ನಡಿ ಮುಂದೆ ನಿಂತು ತಾಲೀಮು ಮಾಡಿದ್ದೆ. ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎನ್ನುವವರೆಗೆ ಸರಿಯಾಗಿ ಬಂತು. ಮುಂದೆ ನೆನಪಾದದ್ದು ‘ದಟ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಒಂದೇ. ಕಾಲೇಜಿನಲ್ಲಿ ನಾವಿಬ್ಬರೂ ಕಲಿತದ್ದು ರಜೆ ಅರ್ಜಿಯಷ್ಟೇ ಅಲ್ಲವೇ? ಹಿಂದಿಗೆ ಇಳಿದೆ. ಸಾಹೇಬರೇ ಹೇಳಿದ್ದೊಂದು ಪ್ರಸಂಗ ಹೇಳಿದೆ. ತರುಣ ಮನೆಯಿಂದ ಒಯ್ದ ಶೇಂಗಾ ಚಟ್ನಿಯನ್ನು ಮೆಸ್ಸಿನಲ್ಲಿ ಪಂಜಾಬಿ ಹುಡುಗರ ಚಪಾತಿಗೆ ಹಚ್ಚಿಕೊಟ್ಟು, ತಾನೂ ಬೆರಳು ನೆಕ್ಕುತ್ತ ಕೂರುತ್ತಿದ್ದನಂತೆ. ಡಬ್ಬಿ ಖಾಲಿಯಾದಾಗ ಆ ಹುಡುಗರು, ಇನ್ನೊಂದು ತರುವವರೆಗೆ ಕೊಡುವುದಿಲ್ಲ ಎಂದು ಅವನ ಹಾಸಿಗೆ ಅಡಗಿಸಿಟ್ಟರಂತೆ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ.

ಅವರಲ್ಲಿ ಒಂದು ಪದ್ಧತಿ ಇದೆ. ಹೋಗುವ ಕಮಾಂಡರನ್ನು ಹೂವು ಕಟ್ಟಿದ ತೆರೆದ ಜೀಪಿನಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡದೆ, ಹಗ್ಗ ಕಟ್ಟಿ ಗೇಟಿನ ತನಕ ಕೈಯಿಂದ ಎಳೆಯುತ್ತಾರೆ. ಅಧಿಕಾರಿಗಳೂ ಸಿಪಾಯಿಗಳೂ ಕೂಡಿ. ನಾನೂ ಹಗ್ಗ ಹಿಡಿಯುತ್ತೇನೆ ಎಂದೆ. ಮೊದಲು ಬೇಡವೆಂದರು, ಆಮೇಲೆ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟರು. ನಾನು ಎಳೆದದ್ದಕ್ಕಿಂತ ಹಗ್ಗವೇ ನನ್ನನ್ನು ಎಳೆದದ್ದು ಜಾಸ್ತಿ.

ಗೇಟಿನ ಹತ್ತಿರ ಸಾಹೇಬರು ಬಗ್ಗಿ ನನ್ನ ಕೈ ಹಿಡಿದರು.

“ಕಾಕಾ, ಹೊಸಾ ಸಾಹೇಬ್ರಿಗೆ ನಿಮ್ಮ ಮನಿ ವಿಳಾಸ ಕೊಟ್ಟೀನ್ರಿ. ಅವರೂ ಬರ್ತಾರ.”

“ಬ್ಯಾಡ್ರಿ ಸಾಹೇಬ್ರ. ಅವರು ತರುಣನ್ನ ನೋಡಿಲ್ಲ.”

“ನಾನೂ ಭಾಳ ನೋಡಿಲ್ರಿ,” ಎಂದರು.

“ನೀವು ಬರ್ತಿದ್ರಲ್ರಿ. ಸಾಕು.”

ಯಾರೋ ಸೀಟಿ ಊದಿದರು, ಹಗ್ಗ ಬಿಗಿಯಾಯಿತು. ಅಷ್ಟೇ. ಗೇಟಿನಾಚೆ ಕಾರು ಕಾಯುತ್ತಿತ್ತು.

ನಿಮ್ಮ ಮನೆಯ ಎಲ್ಲರಿಗೂ ದೇವರು ಆರೋಗ್ಯ ಕೊಡಲಿ. ಸಂಕ್ರಾಂತಿಗೆ ನೀವಿಬ್ಬರೂ ಬರುವುದಾದರೆ ಮೊದಲೇ ತಿಳಿಸು, ಹಾಸಿಗೆ ಬಿಸಿಲಿಗೆ ಹಾಕಿಡುತ್ತೇನೆ.

ನಿನ್ನ
ಅಮೃತಪ್ಪ

ತಾ.ಕ.: ಚಟ್ನಿಯ ಮಾತು ಓದುವಾಗ ನೀನು ಅಲ್ಲೇ ನಿಂತಿರುತ್ತೀ, ನನಗೆ ಗೊತ್ತು. ನಿಮ್ಮ ಮನೆಯಲ್ಲಿ ಶೇಂಗಾ ಉಂಡೆ ತಿಂದು ತರುಣನ ಮುಖ ಬಾತು, ನಾವು ಅವನನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ನೀನು ಮರೆಯುವವನಲ್ಲ. ಆವತ್ತಿನಿಂದ ಅವನವ್ವ ಸುಮತಿ ತಾನು ಸಾಯುವ ತನಕ ಮನೆಯೊಳಗೆ ಶೇಂಗಾ ಬಿಡಲಿಲ್ಲ. ಸಾಹೇಬರಿಗೆ ಇದು ಗೊತ್ತಿರಲಿಲ್ಲ. ನಮ್ಮ ಕಡೆಯ ಹುಡುಗ, ಶೇಂಗಾ ಚಟ್ನಿ ಒಯ್ದೇ ಒಯ್ಯುತ್ತಾನೆ ಅಂದುಕೊಂಡು ಕಟ್ಟಿ ಹೇಳಿರಬೇಕು. ನಾನು ತಿದ್ದಲಿಲ್ಲ. ತಿದ್ದಿದ್ದರೆ ಬರುವುದನ್ನು ಬಿಡುತ್ತಿದ್ದರು. ಮುಂದಿನ ಸಲ ಸುಲ್ತಾನ್ ಬಜಾರಿನಿಂದ ಚಟ್ನಿ ತಂದು ಅವರ ತಾಟಿಗೆ ನಾನೇ ಬಡಿಸಿದೆ. ಹೀಗೆ ಎರಡು ವರ್ಷ, ಶೇಂಗಾ ತಿನ್ನುವ ಒಬ್ಬ ಹುಡುಗ ನಮ್ಮ ಮನೆಗೆ ಬಂದುಹೋಗುತ್ತಿದ್ದ. ನಿನ್ನೆ ಅವನನ್ನೂ ಗೇಟಿನ ತನಕ ಎಳೆದು ಬಿಟ್ಟುಬಂದೆ. ಡಬ್ಬಿಯಲ್ಲಿ ಚಟ್ನಿ ಇನ್ನೂ ಇದೆ.